ವಿಡಿಯೋ, ಆಡಿಯೋ ಇಟ್ಟುಕೊಂಡು ಪಾಠ ಮಾಡುವುದು ಹೇಗೆ? ಮುಂಬಯಿ, ಪುಣೆ, ಗೋವಾದ ಕನ್ನಡ ತರಗತಿಗಳಿಗೆ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳ ಟೀಚರ್‌ಗಳು, ಪುಣೆಯಲ್ಲಿ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವವರು, ವಾಸ್ಕೋ ಕಡೆಯ ಮೇಷ್ಟ್ರುಗಳು ಮತ್ತೆ ಮತ್ತೆ ಹೇಳುವ ಮಾತು ಒಂದೇ. "ವಿಡಿಯೋ ಹಾಕಿದೆವು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಮರುದಿನ ಕೇಳಿದರೆ ಒಬ್ಬರಿಗೂ ಉತ್ತರ ಬರಲಿಲ್ಲ."

ತಪ್ಪು ವಿಡಿಯೋದಲ್ಲಿ ಇರುವುದು ಕಡಿಮೆ, ಕೆಲಸದ ಕ್ರಮದಲ್ಲಿ ಇರುವುದೇ ಜಾಸ್ತಿ. ಹೆಚ್ಚಿನವರು ಮೊದಲು ಹುಡುಕುತ್ತಾರೆ, ಆಮೇಲೆ ತೋರಿಸುತ್ತಾರೆ, ಕೊನೆಗೆ ಪ್ರಶ್ನೆ ಕೇಳುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು. ಪ್ರಶ್ನೆ ಮೊದಲು, ಹುಡುಕಾಟ ಆಮೇಲೆ. ತೋರಿಸುವುದು ಕೊನೆಗೆ, ಅದೂ ಸ್ವಲ್ಪವೇ.

## ಏನೇನು ಕೈಲಿರಬೇಕು

ಆ ವರ್ಷದ ಪಠ್ಯಪುಸ್ತಕ, ಒಂದು ನೋಟ್‌ಬುಕ್, ಫೋನ್ ಅಥವಾ ಲ್ಯಾಪ್‌ಟಾಪ್, ಪೆನ್‌ಡ್ರೈವ್, ತೋರಿಸಲು ಟಿವಿ ಅಥವಾ ಪ್ರೊಜೆಕ್ಟರ್. ಇವುಗಳ ಜೊತೆಗೆ ಎಲ್ಲರೂ ಮರೆಯುವ ಒಂದು ವಸ್ತು ಇದೆ: ವೈರ್ ಹಾಕುವ ಸ್ಪೀಕರ್. ಟಿವಿಯ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಪಕ್ಕದಲ್ಲಿ ಲೋಕಲ್ ಟ್ರೇನ್ ಓಡುವ ಶಾಲೆಯಲ್ಲಂತೂ ಕೇಳುವುದೇ ಬೇಡ. ಬ್ಲೂಟೂತ್ ಸ್ಪೀಕರ್ ಇದ್ದರೂ ಅದಕ್ಕೆ ವೈರ್ ಚುಚ್ಚುವ ತೂತು ಇದೆಯಾ ನೋಡಿ. ಬ್ಲೂಟೂತ್‌ನಲ್ಲಿ ದನಿ ಹಿಂದೆ ಬೀಳುವುದುಂಟು, ಮಧ್ಯದಲ್ಲಿ ಸಂಪರ್ಕ ಕಡಿದುಹೋಗುವುದೂ ಉಂಟು.

ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಅದು ಪುಕ್ಕಟೆ. ವೇಗ ಕಡಿಮೆ ಮಾಡಬಹುದು, ಒಂದು ತುಣುಕನ್ನು ಮಾತ್ರ ಮತ್ತೆ ಮತ್ತೆ ಓಡಿಸಬಹುದು.

## ಹಂತ 1: ಮೊದಲು ಪುಸ್ತಕ ತೆರೆಯಿರಿ

ಇಲ್ಲಿಯೇ ಅತಿ ಹೆಚ್ಚು ಜನ ಎಡವುತ್ತಾರೆ. "ಹತ್ತನೇ ತರಗತಿ ವಿಜ್ಞಾನ ಕನ್ನಡ" ಎಂದು ಹುಡುಕಿದರೆ ಬರುವುದೆಲ್ಲ ಕರ್ನಾಟಕದ ಎಸ್‌ಎಸ್‌ಎಲ್‌ಸಿ ವಿಡಿಯೋ. ಮಹಾರಾಷ್ಟ್ರದ ಮಕ್ಕಳು ಓದುವುದು ಬಾಲಭಾರತಿಯ, ಅಂದರೆ ಆ ರಾಜ್ಯದ ಪಠ್ಯಪುಸ್ತಕ ಮಂಡಳಿಯ, ಪುಸ್ತಕ. ಭಾಷೆ ಒಂದೇ, ಪಠ್ಯ ಬೇರೆ.

ಒಂದು ಉದಾಹರಣೆ ನೋಡಿ. ಬಾಲಭಾರತಿಯ ಹತ್ತನೇ ತರಗತಿ ವಿಜ್ಞಾನದ ಮೊದಲ ಭಾಗ ಶುರುವಾಗುವುದೇ ಗುರುತ್ವಾಕರ್ಷಣೆಯಿಂದ. ಕರ್ನಾಟಕದಲ್ಲಿ ಎನ್‌ಸಿಇಆರ್‌ಟಿ (ಕೇಂದ್ರ ಸರ್ಕಾರದ ಪಠ್ಯಪುಸ್ತಕ ಸಂಸ್ಥೆ) ಮಾದರಿಯ ಪುಸ್ತಕದಲ್ಲಿ ಅದೇ ಪಾಠ ಒಂಬತ್ತನೆಯದರಲ್ಲಿದೆ. ಹಾಗಾಗಿ ಹತ್ತರ ವಿಡಿಯೋ ಪಟ್ಟಿಯಲ್ಲಿ ಎಷ್ಟು ತಡಕಿದರೂ ಸಿಗುವುದಿಲ್ಲ. ಒಂಬತ್ತರದ್ದು ಸಿಕ್ಕಿತು ಅಂದುಕೊಳ್ಳಿ, ಆಗಲೂ ಕೆಲಸ ಮುಗಿಯುವುದಿಲ್ಲ. ಬಾಲಭಾರತಿಯ ಪಾಠದಲ್ಲಿ ವಿಮೋಚನಾ ವೇಗ (ಗ್ರಹದ ಸೆಳೆತದಿಂದ ಪಾರಾಗಲು ಬೇಕಾದ ವೇಗ) ಬರುತ್ತದೆ, ಭೂಮಿಗೆ ಅದು ಸೆಕೆಂಡಿಗೆ 11.2 ಕಿ.ಮೀ. ಎನ್ನುವ ಲೆಕ್ಕ ಬರುತ್ತದೆ. ಎನ್‌ಸಿಇಆರ್‌ಟಿಯವರು ಅದನ್ನು ಹನ್ನೊಂದನೆಯದಕ್ಕೆ ಇಟ್ಟಿದ್ದಾರೆ. ಅಂದರೆ ಒಂದು ಪಾಠಕ್ಕೆ ಒಂಬತ್ತರದ್ದೊಂದು ತುಣುಕು, ಪಿಯುಸಿಯದ್ದೊಂದು ತುಣುಕು ಬೇಕು. ಶಾಖದ ಪಾಠದಲ್ಲೂ ಹೀಗೆಯೇ. ಗುಪ್ತೋಷ್ಣ (ಕರಗುವಾಗ, ಕುದಿಯುವಾಗ ವಸ್ತು ಹೀರುವ ಶಾಖ) ಒಂದು ಕಡೆ, ವಿಶಿಷ್ಟೋಷ್ಣ (ವಸ್ತುವಿನ ಒಂದು ಘಟಕ ರಾಶಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ) ಇನ್ನೊಂದು ಕಡೆ ಸಿಗುತ್ತದೆ.

ಗೋವಾದಲ್ಲಿ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಓದುವ ಮಕ್ಕಳಿಗೆ ಈ ತೊಂದರೆ ಕಡಿಮೆ. ಆದರೂ ಪುಸ್ತಕಗಳು ಬದಲಾಗುತ್ತಿರುವ ಕಾಲ ಇದು. ಹಳೆಯ ಪುಸ್ತಕ ನೋಡಿ ತಯಾರಿ ಮಾಡಬೇಡಿ. ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳು ಅವರ ಜಾಲತಾಣದಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ.

ಈ ಹಂತದಲ್ಲಿ ಮಾಡಬೇಕಾದ್ದು ಇಷ್ಟೇ. ಪಾಠ ಓದಿ. ಮಕ್ಕಳಿಗೆ ಬರೀ ಮಾತಿನಲ್ಲಿ ಅರ್ಥವಾಗದ ಜಾಗ ಯಾವುದು ಎಂದು ಗುರುತು ಹಾಕಿ. ಚಲನೆ ಇರುವುದು, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು, ಕ್ಲಾಸಿಗೆ ತರಲಾಗದಷ್ಟು ದೊಡ್ಡದು, ಮಾಡಲು ಅಪಾಯ ಇರುವುದು. ಈ ನಾಲ್ಕಕ್ಕೆ ವಿಡಿಯೋ ಬೇಕು. ಉಳಿದದ್ದಕ್ಕೆ ಬೋರ್ಡು, ಸೀಮೆಸುಣ್ಣ ಸಾಕು. ಗುರುತು ಹಾಕಿದ ಪ್ರತಿ ಜಾಗಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪ್ರಶ್ನೆ ಬರೆಯಿರಿ. ಆ ಪ್ರಶ್ನೆಯೇ ಮುಂದಿನ ಎಲ್ಲ ಹಂತಗಳಿಗೂ ಆಧಾರ.

## ಹಂತ 2: ಎಲ್ಲಿ ಹುಡುಕಬೇಕು

ಯೂಟ್ಯೂಬಿನ ಹುಡುಕಾಟದ ಪೆಟ್ಟಿಗೆಯಿಂದ ಶುರು ಮಾಡಬೇಡಿ. ಅಲ್ಲಿ ಮೇಲೆ ಬರುವುದು ಹೆಚ್ಚಾಗಿ ಜಾಸ್ತಿ ಜನ ನೋಡಿದ್ದು. ಅದು ಸರಿಯಾಗಿದೆ ಅಂತ ಅರ್ಥ ಅಲ್ಲ. ಮೊದಲು ಈ ಜಾಗಗಳನ್ನು ನೋಡಿ.

ದೀಕ್ಷಾ. ಕೇಂದ್ರ ಸರ್ಕಾರದ ಶಾಲಾ ಪಾಠಗಳ ಆ್ಯಪ್. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಆ್ಯಪ್ ಬೋರ್ಡು, ಮಾಧ್ಯಮ, ತರಗತಿ ಕೇಳುತ್ತದೆ. ಕನ್ನಡ ಎಂದ ಕೂಡಲೇ ಕರ್ನಾಟಕ ಒತ್ತಿಬಿಡುವವರು ಬಹಳ. ಮೊದಲು ಮಹಾರಾಷ್ಟ್ರ ಬೋರ್ಡನ್ನೇ ಆರಿಸಿ, ಅಲ್ಲಿ ಬೇಕಾದ್ದು ಸಿಗದಿದ್ದರೆ ಆಮೇಲೆ ಕರ್ನಾಟಕಕ್ಕೆ ಬದಲಿಸಿ. ಆ್ಯಪ್ ಒಳಗೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು.

ಅರವಿಂದ ಗುಪ್ತ ಅವರ ಆಟಿಕೆಗಳು. ಪುಣೆಯ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಬಹಳ ವರ್ಷ ಕೆಲಸ ಮಾಡಿದವರು ಅವರು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಹೇಳುವ ಅವರ ಪುಟ್ಟ ಚಿತ್ರಗಳು ಹಲವು ಭಾಷೆಗಳಿಗೆ ಡಬ್ ಆಗಿವೆ, ಕನ್ನಡಕ್ಕೂ ಆಗಿವೆ. ಹೆಚ್ಚಿನವು ಒಂದೆರಡು ನಿಮಿಷದವು. ನನ್ನ ಮಟ್ಟಿಗೆ ಐದರಿಂದ ಎಂಟನೇ ತರಗತಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಯಾಕೆಂದರೆ ಮಗು ನೋಡಿ ಸುಮ್ನೆ ಕೂರುವುದಿಲ್ಲ, ಕಡ್ಡಿ, ಸ್ಟ್ರಾ, ಹಳೇ ಪೆನ್ನು ಹುಡುಕಲು ಹೊರಡುತ್ತದೆ.

ಫೆಟ್. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ್ದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಇದು ವಿಡಿಯೋ ಅಲ್ಲ, ಮಕ್ಕಳೇ ಎಳೆದು, ತಿರುಗಿಸಿ ಬದಲಿಸಬಹುದಾದ ಪ್ರಯೋಗ. ವಿದ್ಯುತ್ ಮಂಡಲ, ಭಿನ್ನರಾಶಿ, ಗುರುತ್ವ, ಆಮ್ಲ-ಪ್ರತ್ಯಾಮ್ಲ ಎಲ್ಲ ಇವೆ. ಪ್ರತಿ ಪ್ರಯೋಗದ ಪುಟದಲ್ಲಿ ಭಾಷೆಗಳ ಪಟ್ಟಿ ಇರುತ್ತದೆ, ಹಲವಕ್ಕೆ ಕನ್ನಡ ಇದೆ. ಡೌನ್‌ಲೋಡ್ ಮಾಡಿದ ಫೈಲ್ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ.

ಸ್ಪೋಕನ್ ಟ್ಯುಟೋರಿಯಲ್. ಪವಾಯಿಯ ಐಐಟಿ ಬಾಂಬೆಯದ್ದು. ಕಂಪ್ಯೂಟರ್ ಕಲಿಸಲು. ಸುಮಾರು ಹತ್ತು ನಿಮಿಷದ ಪಾಠಗಳು, ಕನ್ನಡ ಧ್ವನಿಯಲ್ಲೂ ಇವೆ. ರಾತ್ರಿಶಾಲೆಯ ದೊಡ್ಡ ಹುಡುಗರಿಗೆ ತುಂಬ ಉಪಯೋಗ. ಪರದೆಯ ಅರ್ಧ ಭಾಗದಲ್ಲಿ ವಿಡಿಯೋ, ಇನ್ನರ್ಧದಲ್ಲಿ ತಂತ್ರಾಂಶ. ಸ್ವಲ್ಪ ನೋಡುವುದು, ನಿಲ್ಲಿಸಿ ಅದನ್ನೇ ಮಾಡುವುದು. ಸುಮ್ನೆ ನೋಡಿದರೆ ಏನೂ ಬರುವುದಿಲ್ಲ.

ಇದರ ಮೇಲೆ ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ತಾಣ ಇದೆ, ಖಾನ್ ಅಕಾಡೆಮಿಯ ಕನ್ನಡ ಪಾಠಗಳಿವೆ. ಮುಂಬಯಿಯವರಿಗೆ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಹತ್ತಿರದಲ್ಲೇ ಇದೆ, ಅವರ ತಾಣದಲ್ಲಿ ಶಿಕ್ಷಕರಿಗೆ ಬೇಕಾದ ಸಾಮಗ್ರಿ ನೋಡಿ. ಇವೆಲ್ಲ ಮುಗಿದ ಮೇಲೆ ಯೂಟ್ಯೂಬ್.

## ಹಂತ 3: ಪೂರ್ತಿ ನೋಡಿ, ಜರಡಿ ಹಿಡಿಯಿರಿ

ಮಕ್ಕಳಿಗೆ ತೋರಿಸುವ ಮೊದಲು ನೀವು ಮೊದಲಿಂದ ಕೊನೆಯವರೆಗೆ ನೋಡಲೇಬೇಕು. ಓಡಿಸಿ ಓಡಿಸಿ ನೋಡಿದರೆ ಲೆಕ್ಕಕ್ಕಿಲ್ಲ. ಈ ಲಕ್ಷಣ ಕಂಡರೆ ಆ ವಿಡಿಯೋ ಬಿಟ್ಟುಬಿಡಿ.

ಪುಸ್ತಕದ ಪುಟವನ್ನೇ ಪರದೆಯ ಮೇಲಿಟ್ಟು ಓದುತ್ತಾ ಹೋಗುವುದು. ಇದನ್ನು ನೀವೇ ಇನ್ನೂ ಚೆನ್ನಾಗಿ ಮಾಡುತ್ತೀರಿ.

ಯಂತ್ರದ ದನಿ. ಸೂತ್ರ, ಅಂಕಿ, ಘಾತ ಬಂದ ಕಡೆ ಕಿವಿಗೊಟ್ಟು ಕೇಳಿ. ಅಲ್ಲೇ ತಪ್ಪು ಓದುವುದು ಜಾಸ್ತಿ.

ಅಯಸ್ಕಾಂತಕ್ಕೆ ತಂತಿ ಸುತ್ತಿ "ಜೀವಮಾನವಿಡೀ ಪುಕ್ಕಟೆ ಕರೆಂಟ್" ಎಂದು ಬಲ್ಬು ಉರಿಸುವ ವಿಡಿಯೋಗಳು. ಇವು ಮೋಸ. ಸುಮ್ಮನಿಟ್ಟ ಅಯಸ್ಕಾಂತ ಎಷ್ಟು ಹೊತ್ತು ಇದ್ದರೂ ಬಲ್ಬು ಉರಿಯದು. ತಂತಿ, ಅಯಸ್ಕಾಂತ ಎರಡರಲ್ಲಿ ಒಂದನ್ನು ಯಾರೋ ಚಲಿಸುತ್ತಿರಬೇಕು, ಆ ಶ್ರಮವೇ ವಿದ್ಯುತ್ ಆಗುವುದು. ಮಕ್ಕಳು ಇಂಥದ್ದನ್ನು ಮನೆಯಲ್ಲಿ ಫೋನಿನಲ್ಲಿ ನೋಡಿರುತ್ತಾರೆ. ಆದ್ದರಿಂದ ಇದನ್ನು ಮುಚ್ಚಿಡುವುದಕ್ಕಿಂತ ಒಂದು ದಿನ ಎತ್ತಿಕೊಂಡು ಮಾತಾಡುವುದು ಒಳ್ಳೆಯದು.

ಗೋಡೆಯ ಪ್ಲಗ್ಗಿನ ಕರೆಂಟ್, ಪಾದರಸ, ಸ್ಪಿರಿಟ್ಟಿಗೆ ಬೆಂಕಿ, ಕಣ್ಣಿಗೆ ಲೇಸರ್ ಇರುವ "ಮನೆಯಲ್ಲೇ ಮಾಡಿ" ವಿಡಿಯೋ. ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಮಗು ಅದನ್ನು ಮಾಡಿ ನೋಡುತ್ತದೆ. ತೋರಿಸಲೇಬೇಡಿ.

ಇನ್ನೊಂದು ಲಕ್ಷಣ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ವಿಡಿಯೋ ಅತಿ ನುಣುಪಾಗಿರುವುದು. ಡೆರೆಕ್ ಮುಲ್ಲರ್ ಎನ್ನುವವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಮುಗಿಸಿದ ಪಿಎಚ್‌ಡಿಯಲ್ಲಿ ಇದನ್ನೇ ಪರೀಕ್ಷಿಸಿದರು. ನೇರವಾಗಿ, ಸ್ಪಷ್ಟವಾಗಿ ವಿವರಿಸುವ ಭೌತಶಾಸ್ತ್ರದ ವಿಡಿಯೋವನ್ನು ವಿದ್ಯಾರ್ಥಿಗಳು "ಚೆನ್ನಾಗಿ ಅರ್ಥವಾಯಿತು" ಎಂದರು, ಆದರೆ ಅಂಕ ಹೆಚ್ಚೇನೂ ಏರಲಿಲ್ಲ. ಜನರಲ್ಲಿ ಇರುವ ತಪ್ಪು ತಿಳಿವಳಿಕೆಯನ್ನು ಮೊದಲು ಎತ್ತಿ, ಆಮೇಲೆ ಅದನ್ನು ಒಡೆಯುವ ವಿಡಿಯೋ ನೋಡಿದವರಿಗೆ ಗೊಂದಲ ಆಯಿತು, ಆದರೆ ಅವರು ಕಲಿತದ್ದು ಜಾಸ್ತಿ. ಮಕ್ಕಳು ತಲೆಯಾಡಿಸುತ್ತಾ ನೋಡುತ್ತಿದ್ದಾರೆ ಎಂದರೆ ಅವರು ತಮಗೆ ಮೊದಲೇ ಗೊತ್ತಿದ್ದದ್ದನ್ನೇ ಮತ್ತೆ ಕೇಳಿಸಿಕೊಳ್ಳುತ್ತಿರಬಹುದು. ಸರಿಯಾಗಿ ಗೊತ್ತಿದ್ದದ್ದೋ ತಪ್ಪಾಗಿ ಗೊತ್ತಿದ್ದದ್ದೋ, ಅದು ಹೊರಗೆ ಕಾಣುವುದಿಲ್ಲ.

## ಹಂತ 4: ನಿಲ್ಲಿಸುವ ಜಾಗ ಬರೆದಿಡಿ

ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್‌ಗಳ ತಾಣದ 69 ಲಕ್ಷ ವೀಕ್ಷಣೆಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ವಿಡಿಯೋ ಎಷ್ಟೇ ಉದ್ದವಿರಲಿ, ಜನ ಮನಸ್ಸಿಟ್ಟು ನೋಡುವುದು ಸಾಮಾನ್ಯವಾಗಿ ಆರು ನಿಮಿಷದೊಳಗೆ ಎಂದು ಅದು ಕಂಡುಕೊಂಡಿತು. ಅವರಲ್ಲಿ ಹೆಚ್ಚಿನವರು ತಾವಾಗಿಯೇ ಕಲಿಯಲು ಬಂದ ದೊಡ್ಡವರು. ನಮ್ಮ ಮಕ್ಕಳಿಗೆ ಮೂರು ನಿಮಿಷ ಸಾಕು.

ಹಾಗಾಗಿ ಹದಿನೈದು ನಿಮಿಷದ ವಿಡಿಯೋದಲ್ಲಿ ನಿಮಗೆ ಬೇಕಾದ ಮೂರು ನಿಮಿಷ ಎಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. "4:10ಕ್ಕೆ ಶುರು. 5:02ಕ್ಕೆ ನಿಲ್ಲಿಸಿ, ಮುಂದೇನಾಗುತ್ತೆ ಅಂತ ಕೇಳಬೇಕು. 7:15ಕ್ಕೆ ಮುಗಿಸಬೇಕು." ಇಷ್ಟೇ ಟಿಪ್ಪಣಿ. ನಿಲ್ಲಿಸಬೇಕಾದ್ದು ಉತ್ತರ ಬರುವ ಮೊದಲು, ಬಂದ ಮೇಲೆ ಅಲ್ಲ. ತುಣುಕಿನಲ್ಲಿ ಬರುವ ಪಾರಿಭಾಷಿಕ ಪದ ಬಾಲಭಾರತಿ ಪುಸ್ತಕದ ಪದಕ್ಕಿಂತ ಬೇರೆಯಾಗಿದ್ದರೆ ಎರಡನ್ನೂ ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ. ಪರೀಕ್ಷೆಗೆ ಪುಸ್ತಕದ್ದೇ ಬೇಕು.

## ಹಂತ 5: ನೆಟ್ ಇಲ್ಲದೆ ಓಡುವಂತೆ ಮಾಡಿ

ಶಾಲೆಯ ನೆಟ್ ನಂಬಿ ಕೂರಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಎಲ್ಲವೂ ಹಿಂದಿನ ದಿನವೇ ಕೈಯಲ್ಲಿರಬೇಕು.

ಯೂಟ್ಯೂಬಿನಲ್ಲಿ ಡೌನ್‌ಲೋಡ್ ಬಟನ್ ಇರುವ ವಿಡಿಯೋ ಆ ಆ್ಯಪ್ ಒಳಗೆ ಮಾತ್ರ ಇರುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಲು ಬರುವುದಿಲ್ಲ. ಟಿವಿಗೆ ಪೆನ್‌ಡ್ರೈವ್ ಚುಚ್ಚಿ ತೋರಿಸಬೇಕಿದ್ದರೆ ಮುಕ್ತ ಪರವಾನಗಿ (ಯಾರು ಬೇಕಾದರೂ ಬಳಸಲು ಅನುಮತಿ) ಇರುವ, ಫೈಲ್ ಆಗಿ ಇಳಿಸಿಕೊಳ್ಳಲು ಬಿಡುವ ತಾಣದಿಂದ ತೆಗೆದುಕೊಳ್ಳಿ. ಕಾನೂನಿನ ಬಗ್ಗೆ ಹೆದರುವವರಿಗೆ ಒಂದು ಮಾತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠ ಮಾಡುವಾಗ ಶಿಕ್ಷಕರು ಕೃತಿಗಳನ್ನು ಬಳಸುವುದಕ್ಕೆ ವಿನಾಯಿತಿ ಕೊಡುತ್ತದೆ. ಇನ್ನೊಬ್ಬರ ವಿಡಿಯೋವನ್ನು ನಿಮ್ಮ ಚಾನೆಲ್‌ಗೆ ಏರಿಸುವುದು ಆ ವಿನಾಯಿತಿಯ ಒಳಗೆ ಬರುವುದಿಲ್ಲ.

ಫೋನಿನಿಂದ ಟಿವಿಗೆ ತೋರಿಸುತ್ತೇನೆ ಎನ್ನುವವರು ಮೊದಲೇ ಪರೀಕ್ಷಿಸಿ. ಎಷ್ಟೋ ಫೋನ್‌ಗಳ ಯುಎಸ್‌ಬಿ-ಸಿ ತೂತಿನಿಂದ ಚಿತ್ರ ಹೊರಗೆ ಬರುವುದೇ ಇಲ್ಲ. ವೈರ್ ಕೊಂಡು ತಂದ ಮೇಲೆ ಗೊತ್ತಾದರೆ ಬೇಜಾರು. ಹಳೆಯ ಟಿವಿಗೆ ಎಚ್.264 ಎಂಬ ಹಳೆಯ ಬಗೆಯಲ್ಲಿ ಉಳಿಸಿದ ಎಂಪಿ4 ಫೈಲ್ ಹಾಕಿ. ಹಲವು ಹೊಸ ಫೋನ್‌ಗಳು ಹೆಚ್‌ಇವಿಸಿ ಎಂಬ ಹೊಸ ಬಗೆಯಲ್ಲಿ ಉಳಿಸುತ್ತವೆ. ಅದನ್ನು ಹಾಕಿದರೆ ದನಿ ಬಂದು ಚಿತ್ರ ಬಾರದಿರಬಹುದು. ಗುಣಮಟ್ಟ 480ಪಿ ಸಾಕು.

ಯೂಟ್ಯೂಬ್ ನೇರವಾಗಿ ತೋರಿಸುವುದೇ ಆದರೆ ಆಟೋಪ್ಲೇ ಆಫ್ ಮಾಡಿ, ಪೂರ್ತಿ ಪರದೆಗೆ ಹಾಕಿ. ನಿಮ್ಮ ಸ್ವಂತ ಖಾತೆಯಿಂದ ತೆರೆಯಬೇಡಿ. ಪಕ್ಕದಲ್ಲಿ ಬರುವ ಚಿತ್ರಗಳ ಮೇಲೆ ನಮ್ಮ ಹತೋಟಿ ಇಲ್ಲ.

## ಹಂತ 6: ಕ್ಲಾಸಿನಲ್ಲಿ ನಡೆಸುವ ಬಗೆ

ಮಸೂರದ ಪಾಠ ತೆಗೆದುಕೊಳ್ಳೋಣ. ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ, ಒಂದು ರಟ್ಟಿನ ತುಂಡು ತನ್ನಿ. ಟಿವಿ ಇನ್ನೂ ಆಫ್ ಇರಲಿ.

ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಾಳೆ ಹಿಡಿಯಿರಿ. ಅದರ ಮುಂದೆ ಭೂತಗನ್ನಡಿ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ಸರಿಸಿ. ಒಂದು ಕಡೆ ಬಂದಾಗ ಎದುರಿನ ಕಟ್ಟಡ, ಅದರ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ಎಲ್ಲ ಬಣ್ಣಸಮೇತ ತಲೆಕೆಳಗಾಗಿ ಹಾಳೆಯ ಮೇಲೆ ಮೂಡುತ್ತದೆ. ಗಾಳಿ ಬಂದರೆ ಆ ಬಟ್ಟೆ ಹಾಳೆಯ ಮೇಲೂ ಅಲ್ಲಾಡುತ್ತದೆ. ಮಕ್ಕಳು ಎದ್ದು ಬರುತ್ತಾರೆ. ಬರಲಿ. ಆದರೆ ಭೂತಗನ್ನಡಿಯಿಂದ ಸೂರ್ಯನನ್ನು ನೋಡಬಾರದು ಎಂದು ಈಗಲೇ ಹೇಳಿಬಿಡಿ.

ಈಗ ಪ್ರಶ್ನೆ: "ಈ ರಟ್ಟಿನಿಂದ ಮಸೂರದ ಅರ್ಧ ಮುಚ್ಚಿದರೆ ಚಿತ್ರ ಏನಾಗುತ್ತೆ?" ಎಲ್ಲರೂ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಬರೆಸುವುದು ಮುಖ್ಯ. ಬಾಯಲ್ಲಿ ಹೇಳಿದರೆ ಮೊದಲು ಹೇಳಿದವರ ಉತ್ತರವೇ ಎಲ್ಲರದ್ದಾಗುತ್ತದೆ. ಬಹಳಷ್ಟು ಮಕ್ಕಳು "ಅರ್ಧ ಚಿತ್ರ ಹೋಗುತ್ತದೆ" ಎಂದು ಬರೆಯುತ್ತಾರೆ. ರಟ್ಟು ಹಿಡಿಯಿರಿ. ಚಿತ್ರ ಪೂರ್ತಿ ಹಾಗೇ ಇರುತ್ತದೆ, ಮಂಕಾಗುತ್ತದೆ ಅಷ್ಟೇ.

ಯಾಕೆ? ಈ "ಯಾಕೆ" ತರಗತಿಯಲ್ಲಿ ಎದ್ದ ಮೇಲೆ ಟಿವಿ ಹಾಕಿ. ಕಿರಣಗಳ ಚಿತ್ರ ಇರುವ ಎರಡು ಮೂರು ನಿಮಿಷದ ತುಣುಕು ಸಾಕು. ಮೊದಲ ಸಲ ದನಿ ಇಲ್ಲದೆ ಓಡಿಸಿ, ಏನು ಕಾಣುತ್ತಿದೆ ಎಂದು ಮಕ್ಕಳಿಂದಲೇ ಹೇಳಿಸಿ. ವಸ್ತುವಿನ ಒಂದೊಂದು ಬಿಂದುವಿನಿಂದಲೂ ಕಿರಣಗಳು ಮಸೂರದ ಎಲ್ಲ ಭಾಗಕ್ಕೂ ಹೋಗುತ್ತವೆ, ಅರ್ಧ ಮುಚ್ಚಿದರೂ ಉಳಿದ ಅರ್ಧದಿಂದ ಬಂದವು ಅದೇ ಜಾಗದಲ್ಲಿ ಸೇರುತ್ತವೆ ಎನ್ನುವುದನ್ನು ಅವರೇ ಹಿಡಿಯುತ್ತಾರೆ. ಎರಡನೇ ಸಲ ದನಿಯೊಂದಿಗೆ. ಆಮೇಲೆ ಟಿವಿ ಆಫ್ ಮಾಡಿ, ನೆನಪಿನಿಂದ ಕಿರಣಚಿತ್ರ ಬಿಡಿಸಲು ಹೇಳಿ.

ವಿಡಿಯೋ ಓಡುವಾಗ ನೀವು ಹಾಜರಿ ಪುಸ್ತಕ ತುಂಬುತ್ತಾ ಕೂರಬೇಡಿ. ಮಕ್ಕಳ ಮುಖ ನೋಡುವ ಹೊತ್ತು ಅದು.

## ಹಂತ 7: ಕನ್ನಡದಲ್ಲಿ ಸಿಗದಿದ್ದರೆ

ಒಳ್ಳೆಯ ವಿಡಿಯೋ ಮರಾಠಿಯಲ್ಲೋ ಹಿಂದಿಯಲ್ಲೋ ಇದ್ದರೆ ಬಿಡಬೇಡಿ. ಮ್ಯೂಟ್ ಮಾಡಿ, ನೀವೇ ಕನ್ನಡದಲ್ಲಿ ಹೇಳಿ. ಹಿಂದಿನ ದಿನ ಎರಡು ಸಲ ಅಭ್ಯಾಸ ಮಾಡಿದರೆ ಸಾಕು. ಹತ್ತರ ಪುಸ್ತಕದ ಬಾಹ್ಯಾಕಾಶ ಯಾನದ ಪಾಠಕ್ಕೆ ಇದೇ ಸರಿಯಾದ ದಾರಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ದೃಶ್ಯ ಇಸ್ರೋದ ಚಾನೆಲ್‌ನಲ್ಲಿದೆ. ಅಲ್ಲಿನ ಎತ್ತರ, ವೇಗದ ಅಂಕಿಗಳನ್ನು ತೋರಿಸುತ್ತಾ ನೀವು ಮಾತಾಡಿ.

ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಬಂದವರ ಮಕ್ಕಳು ಜಾಸ್ತಿ ಇರುವ ತರಗತಿಯಲ್ಲಿ ಡಬ್ ಮಾಡಿದ ಕನ್ನಡ ವಿಡಿಯೋ ಕೂಡ ಕೆಲವೊಮ್ಮೆ ತಲೆಗೆ ಹತ್ತುವುದಿಲ್ಲ. ವೇಗ ಜಾಸ್ತಿ, ಮಾತಿನ ಧಾಟಿ ಬೇರೆ. ಅಲ್ಲಿಯೂ ನಿಮ್ಮ ದನಿಯೇ ಒಳ್ಳೆಯದು. ಅಥವಾ ವೇಗವನ್ನು 0.75ಕ್ಕೆ ಇಳಿಸಿ.

## ಹಂತ 8: ಆಡಿಯೋ ಎಲ್ಲಿ, ಹೇಗೆ

ಚಿತ್ರ, ಸಮೀಕರಣ, ನಕ್ಷೆ ಬೇಕಾದ ಕಡೆ ಆಡಿಯೋ ಕೆಲಸಕ್ಕೆ ಬಾರದು. ಪದ್ಯದ ಓದು, ಇತಿಹಾಸದ ಕಥೆ, ಇಂಗ್ಲಿಷ್ ಉಚ್ಚಾರಣೆ, ಪರೀಕ್ಷೆಗೆ ಮುಂಚಿನ ಪುನರಾವರ್ತನೆ, ಇವಕ್ಕೆ ಅದೇ ವಾಸಿ. ಹಗಲೆಲ್ಲ ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು ರಾತ್ರಿಶಾಲೆಗೆ ಬರುವ ಹುಡುಗನಿಗೆ ಪುಸ್ತಕ ತೆರೆಯಲು ಹೊತ್ತಿಲ್ಲ. ಲೋಕಲ್‌ನಲ್ಲಿ ನಿಂತುಕೊಂಡು ಕೇಳಲು ಹೊತ್ತಿದೆ. ಆಕಾಶವಾಣಿ ಧಾರವಾಡವನ್ನು ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಇಲ್ಲಿಂದಲೇ ಕೇಳಬಹುದು, ಭಾಷೆಯ ಕಿವಿ ಬೆಳೆಯಲು ಒಳ್ಳೆಯದು. ಆದರೆ ಪಾಠಕ್ಕೆ ನೀವೇ ಮಾಡಿದ್ದು ಬೇಕು.

ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಸ್ವಲ್ಪ ಓರೆಯಾಗಿ ಹಿಡಿಯಿರಿ. ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಬೇಡದ ಭಾಗ ಕತ್ತರಿಸಲು ಲ್ಯಾಪ್‌ಟಾಪ್‌ನಲ್ಲಿ ಅಡಾಸಿಟಿ ಇದೆ, ಪುಕ್ಕಟೆ. ಮೊನೊ, 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಐದು ನಿಮಿಷಕ್ಕೆ ಸುಮಾರು 2.4 ಎಂಬಿ. ವಾಟ್ಸಾಪಿನಲ್ಲಿ ಕಳಿಸಿದರೆ ಯಾರ ಡೇಟಾಕ್ಕೂ ಹೊರೆಯಲ್ಲ. ಪ್ರತಿ ಪ್ರಶ್ನೆಯ ನಂತರ ಐದು ಸೆಕೆಂಡ್ ಸುಮ್ಮನಿದ್ದು ಆಮೇಲೆ ಉತ್ತರ ಹೇಳಿ. ಆ ಐದು ಸೆಕೆಂಡ್ ಬಿಡದವರೇ ಹೆಚ್ಚು. ಅದಿಲ್ಲದಿದ್ದರೆ ಮಗು ಕೇಳುತ್ತದೆ, ಯೋಚಿಸುವುದಿಲ್ಲ. ಫೈಲಿಗೆ "ರೆಕಾರ್ಡಿಂಗ್ 14" ಎಂಬ ಹೆಸರು ಬಿಟ್ಟು ತರಗತಿ, ವಿಷಯ, ಪಾಠದ ಹೆಸರು ಕೊಡಿ. ಮಕ್ಕಳ ದನಿ, ಮುಖ ಇರುವುದನ್ನು ಪಾಲಕರನ್ನು ಕೇಳದೆ ಗುಂಪಿಗೆ ಹಾಕಬೇಡಿ.

## ಹಂತ 9: ಎರಡು ದಿನ ಬಿಟ್ಟು ಪರೀಕ್ಷೆ

ವಿಡಿಯೋ ಮುಗಿದ ಕೂಡಲೇ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ನಂಬಬೇಡಿ. ಎರಡು ದಿನ ಬಿಟ್ಟು, ಅದೇ ವಿಷಯವನ್ನು ಬೇರೆ ರೂಪದಲ್ಲಿ ಕೇಳಿ. ಮಸೂರದ ಪಾಠವಾದರೆ: "ಕ್ಯಾಮೆರಾದ ಮಸೂರದ ಮೇಲೆ ಒಂದು ಚಿಕ್ಕ ಕಲೆ ಕೂತಿದೆ. ಫೋಟೋದಲ್ಲಿ ಅದೇ ಜಾಗದಲ್ಲಿ ರಂಧ್ರ ಕಾಣುತ್ತಾ?"

ಹೆಚ್ಚಿನವರು "ಇಲ್ಲ, ಸ್ವಲ್ಪ ಮಂಕಾಗಬಹುದು" ಎಂದು ಕಾರಣಸಮೇತ ಹೇಳಿದರೆ ಆ ತುಣುಕನ್ನು, ಸಮಯದ ಟಿಪ್ಪಣಿಯ ಜೊತೆ, ಮುಂದಿನ ವರ್ಷಕ್ಕೆ ಎತ್ತಿಡಿ. "ಹೌದು" ಎಂದರೆ ಇನ್ನೊಂದು ವಿಡಿಯೋ ಹುಡುಕಲು ಓಡಬೇಡಿ. ಮೊದಲು ನಿಲ್ಲಿಸಿದ ಜಾಗ ಬದಲಿಸಿ ನೋಡಿ, ಉತ್ತರ ಬರುವ ಮುಂಚೆಯೇ ನಿಲ್ಲಿಸಿದಿರಾ ಎಂದು ಟಿಪ್ಪಣಿ ನೋಡಿ. ಬಾಯಿಪಾಠದ ವಾಕ್ಯ ಬರುತ್ತಿದೆ, ಚಿತ್ರ ಬಿಡಿಸಲು ಆಗುತ್ತಿಲ್ಲ ಎಂದಾದರೆ ತುಣುಕು ಉದ್ದವಾಯಿತು ಎಂದರ್ಥ, ಅರ್ಧಕ್ಕೆ ಇಳಿಸಿ. ಮಕ್ಕಳಿಗೆ ವಿಡಿಯೋದ ಹಾಡು, ಬಣ್ಣ, ತಮಾಷೆ ಮಾತ್ರ ನೆನಪಿದ್ದರೆ ಆ ವಿಡಿಯೋವನ್ನೇ ಪಟ್ಟಿಯಿಂದ ತೆಗೆದು, ಅದೇ ಪ್ರಶ್ನೆಯನ್ನು ಭೂತಗನ್ನಡಿ, ರಟ್ಟು ಕೈಗೆ ಕೊಟ್ಟು ಇನ್ನೊಮ್ಮೆ ಕೇಳಿ.